ಅಣು ಮತ್ತು ಅಯಾನುಗಳಲ್ಲಿ ಔಪಚಾರಿಕ ಆವೇಶವನ್ನು ಲೆಕ್ಕ ಹಾಕುವ ಬಗೆ

ನೈಟ್ರೇಟ್ ಅಯಾನಿನ ಒಟ್ಟು ಆವೇಶ −1 ಎಂಬುದು ರಸಾಯನಶಾಸ್ತ್ರ ಓದಿದವರಿಗೆಲ್ಲ ಬಾಯಿಪಾಠ. ಆದರೆ ಆ ಋಣ ಆವೇಶ ಅದರಲ್ಲಿರುವ ನಾಲ್ಕು ಪರಮಾಣುಗಳ ಪೈಕಿ ಯಾವುದರ ಪಾಲಿನದು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ರಚನೆಯನ್ನು ಹಾಳೆಯ ಮೇಲೆ ಬಿಡಿಸಿ ಲೆಕ್ಕ ತೆಗೆದರೆ ನೈಟ್ರೋಜನ್ ಮೇಲೆ +1, ಎರಡು ಆಕ್ಸಿಜನ್‌ಗಳ ಮೇಲೆ ತಲಾ −1, ಮೂರನೆಯ ಆಕ್ಸಿಜನ್ ಮೇಲೆ ಸೊನ್ನೆ ಬರುತ್ತದೆ. ಋಣ ಅಯಾನಿನ ನಡುವೆ ಧನ ಆವೇಶ ಕುಳಿತಿರುವುದು ಮೊದಲ ಸಲ ನೋಡಿದವರಿಗೆ ವಿಚಿತ್ರವೆನಿಸುತ್ತದೆ. ಹೀಗೆ ಒಂದೊಂದು ಪರಮಾಣುವಿನ ಹೆಸರಿನಲ್ಲಿ ಬರೆಯುವ ಈ ಸಂಖ್ಯೆಗೇ ಔಪಚಾರಿಕ ಆವೇಶ, ತರಗತಿಯ ಮಾತಿನಲ್ಲಿ ಫಾರ್ಮಲ್ ಚಾರ್ಜ್, ಎಂದು ಹೆಸರು. ಅದನ್ನು ಲೆಕ್ಕ ಹಾಕಲು ಬೇಕಾದ ಗಣಿತ ಕೂಡುವುದು ಮತ್ತು ಕಳೆಯುವುದು ಮಾತ್ರ. ಕಷ್ಟವಿರುವುದು ಲೆಕ್ಕಕ್ಕೆ ಮೊದಲು ಬಿಡಿಸುವ ಚಿತ್ರದಲ್ಲಿ ಮತ್ತು ಲೆಕ್ಕದ ನಂತರ ಮಾಡುವ ತೀರ್ಮಾನದಲ್ಲಿ.

ಈ ಸಂಖ್ಯೆಯ ಅರ್ಥ

ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಸಹವೇಲೆನ್ಸಿ ಬಂಧವನ್ನು ಕಟ್ಟುತ್ತವೆ ಎಂಬ ವಿಚಾರವನ್ನು ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಮುಂದಿಟ್ಟರು. ನಾವು ಇಂದು ಬಿಡಿಸುವ ಚುಕ್ಕಿ ಮತ್ತು ಗೆರೆಗಳ ಚಿತ್ರಕ್ಕೆ ಲೂಯಿಸ್ ರಚನೆ ಎಂಬ ಹೆಸರು ಬಂದದ್ದು ಅವರಿಂದಲೇ. ಈ ಚಿತ್ರದಲ್ಲಿ ಒಂದು ಗೆರೆ ಎಂದರೆ ಹಂಚಿಕೊಂಡ ಎರಡು ಎಲೆಕ್ಟ್ರಾನ್‌ಗಳು. ಎರಡು ಚುಕ್ಕಿ ಎಂದರೆ ಯಾವ ಬಂಧಕ್ಕೂ ಸೇರದೆ ಒಂದೇ ಪರಮಾಣುವಿನ ಬಳಿ ಉಳಿದ ಒಂಟಿ ಜೋಡಿ.

ಈಗ ಒಂದು ಕಲ್ಪನೆ ಮಾಡಿಕೊಳ್ಳಬೇಕು. ಅಣುವಿನ ಪ್ರತಿಯೊಂದು ಬಂಧವನ್ನೂ ಸರಿಯಾಗಿ ನಡುವೆ ಸೀಳಿ, ಎರಡು ಎಲೆಕ್ಟ್ರಾನ್‌ಗಳಲ್ಲಿ ಒಂದನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ಕೊಟ್ಟರೆ ಪ್ರತಿ ಪರಮಾಣುವಿನ ಕೈಯಲ್ಲಿ ಎಷ್ಟು ಎಲೆಕ್ಟ್ರಾನ್‌ಗಳು ಉಳಿಯುತ್ತವೆ? ಬೇರಾವುದರೊಂದಿಗೂ ಸೇರದೆ ಸ್ವತಂತ್ರವಾಗಿದ್ದಾಗ ಅದರ ಹೊರಕವಚದಲ್ಲಿ ಇರಬೇಕಾದಷ್ಟೇ ಉಳಿದಿದ್ದರೆ ಔಪಚಾರಿಕ ಆವೇಶ ಸೊನ್ನೆ. ಒಂದು ಕಡಿಮೆಯಾಗಿದ್ದರೆ +1, ಒಂದು ಹೆಚ್ಚಾಗಿದ್ದರೆ −1. ಎಲೆಕ್ಟ್ರಾನ್ ಋಣ ಆವೇಶದ ಕಣವಾದ್ದರಿಂದ ಕಳೆದುಕೊಂಡವನಿಗೆ ಧನ, ಗಳಿಸಿದವನಿಗೆ ಋಣ ಎಂಬ ಈ ತಿರುವು ಆರಂಭದಲ್ಲಿ ಕಾಡುತ್ತದೆ. ಎರಡು ಮೂರು ಉದಾಹರಣೆ ಮಾಡಿದ ಮೇಲೆ ಕಾಡುವುದಿಲ್ಲ.

ಹೊರಕವಚದ ಈ ಎಲೆಕ್ಟ್ರಾನ್‌ಗಳಿಗೆ ವೇಲೆನ್ಸ್ ಎಲೆಕ್ಟ್ರಾನ್‌ಗಳು ಎಂದು ಹೆಸರು. ಸೂತ್ರವಾಗಿ ಬರೆದರೆ ಹೀಗಾಗುತ್ತದೆ:

ಔಪಚಾರಿಕ ಆವೇಶ = ವೇಲೆನ್ಸ್ ಎಲೆಕ್ಟ್ರಾನ್‌ಗಳು − ಬಂಧಕ್ಕೆ ಸೇರದ ಎಲೆಕ್ಟ್ರಾನ್‌ಗಳು − (ಬಂಧದ ಎಲೆಕ್ಟ್ರಾನ್‌ಗಳು ÷ 2)

ಬಂಧದ ಎಲೆಕ್ಟ್ರಾನ್‌ಗಳ ಅರ್ಧ ಎಂದರೆ ಬಂಧಗಳ ಸಂಖ್ಯೆಯೇ ಆದ್ದರಿಂದ ದಿನಬಳಕೆಗೆ ಇನ್ನೂ ಚಿಕ್ಕ ರೂಪ ಸಾಕು:

ಔಪಚಾರಿಕ ಆವೇಶ = ವೇಲೆನ್ಸ್ ಎಲೆಕ್ಟ್ರಾನ್‌ಗಳು − ಚುಕ್ಕಿಗಳು − ಗೆರೆಗಳು

ಔಪಚಾರಿಕ ಎಂಬ ಮಾತನ್ನು ಇಲ್ಲಿ ಲೆಕ್ಕದ ಮಟ್ಟಿಗೆ ಎಂಬ ಅರ್ಥದಲ್ಲಿಯೇ ತೆಗೆದುಕೊಳ್ಳಬೇಕು. ನಿಜವಾದ ಅಣುವಿನಲ್ಲಿ ಯಾರೂ ಎಲೆಕ್ಟ್ರಾನ್‌ಗಳನ್ನು ಸಮಪಾಲು ಮಾಡಿಕೊಡುವುದಿಲ್ಲ; ಹೆಚ್ಚು ವಿದ್ಯುದೃಣತೆಯುಳ್ಳ ಪರಮಾಣು, ಅಂದರೆ ಎಲೆಕ್ಟ್ರಾನ್‌ಗಳನ್ನು ಹೆಚ್ಚು ಬಲವಾಗಿ ಸೆಳೆಯುವ ಪರಮಾಣು, ಅವುಗಳನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತದೆ. ಹೈಡ್ರೋನಿಯಂ ಅಯಾನನ್ನೇ ನೋಡಿ. ಮೂರು ಹೈಡ್ರೋಜನ್‌ಗಳಿಗೆ ಅಂಟಿಕೊಂಡ, ಒಂದು ಒಂಟಿ ಜೋಡಿಯುಳ್ಳ ಆಕ್ಸಿಜನ್‌ಗೆ 6 − 2 − 3 = +1 ಎಂದು ಬರೆಯುತ್ತೇವೆ. ವಾಸ್ತವದಲ್ಲಿ ಎಲೆಕ್ಟ್ರಾನ್ ಮೋಡ ದಟ್ಟವಾಗಿರುವುದು ಆಕ್ಸಿಜನ್ ಸುತ್ತಲೇ. ಎಲೆಕ್ಟ್ರಾನ್ ಕೊರತೆಯನ್ನು, ಅಂದರೆ ಧನ ಆವೇಶವನ್ನು, ಹೆಚ್ಚಾಗಿ ಹೊತ್ತಿರುವುದು ಹೈಡ್ರೋಜನ್‌ಗಳು. ಆದ್ದರಿಂದ ಈ ಸಂಖ್ಯೆಯನ್ನು ಅಳತೆ ಮಾಡಿ ಕಂಡುಕೊಂಡ ಮೊತ್ತವೆಂದು ಓದಬಾರದು. ಒಂದೇ ಅಣುವಿಗೆ ಹಲವು ಚಿತ್ರಗಳು ಸಾಧ್ಯವಿರುವಾಗ ಯಾವ ಚಿತ್ರಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂದು ತೂಗಿ ನೋಡುವ ತಕ್ಕಡಿ ಎಂದು ಓದಬೇಕು.

ಮೊದಲ ಕೆಲಸ: ಚಿತ್ರವನ್ನು ಪೂರ್ತಿಯಾಗಿ ಬಿಡಿಸುವುದು

ಅರ್ಧ ಬಿಡಿಸಿದ ರಚನೆಯ ಮೇಲೆ ಔಪಚಾರಿಕ ಆವೇಶವನ್ನು ಲೆಕ್ಕ ಹಾಕಲು ಹೊರಡುವುದೇ ಬಹುಪಾಲು ತಪ್ಪುಗಳ ಮೂಲ. ಒಂಟಿ ಜೋಡಿಗಳನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಎಣಿಸುತ್ತೇನೆ ಎನ್ನುವವರು ಒಂದಲ್ಲ ಒಂದು ಕಡೆ ಎರಡು ಚುಕ್ಕಿ ಮರೆಯುತ್ತಾರೆ. ಕೈ ಪಳಗುವ ತನಕ ಪ್ರತಿಯೊಂದು ಚುಕ್ಕಿಯನ್ನೂ ಪೆನ್ಸಿಲಿನಲ್ಲಿ ಹಾಕುವುದೇ ಲೇಸು.

ವೇಲೆನ್ಸ್ ಎಲೆಕ್ಟ್ರಾನ್‌ಗಳ ಸಂಖ್ಯೆ ಆವರ್ತ ಕೋಷ್ಟಕದಲ್ಲಿಯೇ ಇದೆ. ಹೈಡ್ರೋಜನ್‌ಗೆ 1, ಬೋರಾನ್‌ಗೆ 3, ಕಾರ್ಬನ್‌ಗೆ 4, ನೈಟ್ರೋಜನ್ ಮತ್ತು ಫಾಸ್ಫರಸ್‌ಗೆ 5, ಆಕ್ಸಿಜನ್ ಮತ್ತು ಗಂಧಕಕ್ಕೆ 6, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳಿಗೆ 7. ಹದಿಮೂರರಿಂದ ಹದಿನೇಳನೆಯ ಗುಂಪಿನವರೆಗೆ ಗುಂಪಿನ ಸಂಖ್ಯೆಯಿಂದ ಹತ್ತು ಕಳೆದರೆ ಸಿಗುವುದು ಇದೇ ಸಂಖ್ಯೆ. ಇಷ್ಟು ನೆನಪಿದ್ದರೆ ನಿತ್ಯ ಎದುರಾಗುವ ಅಣುಗಳಲ್ಲಿ ಹೆಚ್ಚಿನವಕ್ಕೆ ಸಾಕು.

ಎಲ್ಲ ಪರಮಾಣುಗಳ ವೇಲೆನ್ಸ್ ಎಲೆಕ್ಟ್ರಾನ್‌ಗಳನ್ನು ಕೂಡಿಸಿ, ಅಯಾನಾಗಿದ್ದರೆ ಆವೇಶಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳಿ. ಋಣ ಅಯಾನಿಗೆ ಎಲೆಕ್ಟ್ರಾನ್‌ಗಳನ್ನು ಸೇರಿಸಬೇಕು, ಧನ ಅಯಾನಿಗೆ ಕಳೆಯಬೇಕು. −1 ಎಂಬ ಗುರುತಿನಲ್ಲಿರುವ ಕಳೆಯುವ ಚಿಹ್ನೆಯನ್ನು ನೋಡಿ ಒಂದು ಎಲೆಕ್ಟ್ರಾನ್ ಕಳೆದುಬಿಡುವುದು ಪರೀಕ್ಷೆಯ ಗಡಿಬಿಡಿಯಲ್ಲಿ ಜಾಣರೂ ಮಾಡುವ ತಪ್ಪು.

ನಂತರ ಅಸ್ಥಿಪಂಜರ. ಸಾಮಾನ್ಯವಾಗಿ ಕಡಿಮೆ ವಿದ್ಯುದೃಣತೆಯ ಪರಮಾಣು ನಡುವೆ ಕೂರುತ್ತದೆ. ಒಂದೇ ಬಂಧ ಕಟ್ಟುವ ಹೈಡ್ರೋಜನ್ ಮಾತ್ರ ಅಂಚಿನಲ್ಲಿಯೇ ಇರುತ್ತದೆ. ಲೈನಸ್ ಪಾಲಿಂಗ್ 1932ರಲ್ಲಿ ರೂಪಿಸಿದ ಅಳತೆಗೋಲಿನ ಇಂದಿನ ಬೆಲೆಗಳ ಪ್ರಕಾರ ಫ್ಲೋರಿನ್ 3.98, ಆಕ್ಸಿಜನ್ 3.44, ನೈಟ್ರೋಜನ್ 3.04, ಗಂಧಕ 2.58, ಕಾರ್ಬನ್ 2.55, ಹೈಡ್ರೋಜನ್ 2.20, ಬೋರಾನ್ 2.04. ಈ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿರಿ, ಮುಂದೆ ರಚನೆಗಳನ್ನು ಹೋಲಿಸುವಾಗಲೂ ಇದೇ ಬೇಕಾಗುತ್ತದೆ. ನಡುವಿನ ಪರಮಾಣುವಿನಿಂದ ಸುತ್ತಲಿನ ಒಂದೊಂದಕ್ಕೂ ಒಂದು ಗೆರೆ ಎಳೆದು, ಉಳಿದ ಎಲೆಕ್ಟ್ರಾನ್‌ಗಳನ್ನು ಮೊದಲು ಅಂಚಿನ ಪರಮಾಣುಗಳಿಗೆ ಅಷ್ಟಕ, ಅಂದರೆ ಬಂಧದವೂ ಸೇರಿ ಸುತ್ತ ಎಂಟು ಎಲೆಕ್ಟ್ರಾನ್, ತುಂಬುವಂತೆ ಹಂಚಿ, ಮಿಕ್ಕಿದ್ದನ್ನು ನಡುವಿಗೆ ಹಾಕಬೇಕು. ನಡುವಿನದಕ್ಕೆ ಅಷ್ಟಕ ತುಂಬದಿದ್ದರೆ ಅಂಚಿನ ಒಂಟಿ ಜೋಡಿಯೊಂದನ್ನು ಬಂಧವಾಗಿ ತಿರುಗಿಸಿದಾಗ ಏಕಬಂಧ ದ್ವಿಬಂಧವಾಗುತ್ತದೆ.

ನೈಟ್ರೇಟ್: ಒಂದೊಂದೇ ಚುಕ್ಕಿ ಎಣಿಸಿ

ನೈಟ್ರೋಜನ್‌ನ 5, ಮೂರು ಆಕ್ಸಿಜನ್‌ಗಳ 18, ಋಣ ಆವೇಶದ 1, ಒಟ್ಟು 24. ನಡುವೆ ನೈಟ್ರೋಜನ್ ಇಟ್ಟು ಮೂರು ಗೆರೆ ಎಳೆದರೆ 6 ಎಲೆಕ್ಟ್ರಾನ್ ಖರ್ಚಾಗುತ್ತವೆ. ಉಳಿದ 18ನ್ನು ಮೂರು ಆಕ್ಸಿಜನ್‌ಗಳಿಗೆ ತಲಾ ಆರರಂತೆ ಹಂಚಿದಾಗ ಕೈ ಖಾಲಿ. ಮೂರೂ ಆಕ್ಸಿಜನ್‌ಗಳ ಅಷ್ಟಕ ತುಂಬಿದೆ, ನೈಟ್ರೋಜನ್ ಸುತ್ತ ಮಾತ್ರ ಆರೇ ಎಲೆಕ್ಟ್ರಾನ್‌ಗಳಿವೆ.

ಇಲ್ಲಿಯೇ ಸ್ವಲ್ಪ ನಿಂತು, ಈ ಅಪೂರ್ಣ ಚಿತ್ರದ ಆವೇಶಗಳನ್ನು ತೆಗೆದು ನೋಡಿ. ನೈಟ್ರೋಜನ್‌ಗೆ 5 − 0 − 3 = +2. ಪ್ರತಿ ಆಕ್ಸಿಜನ್‌ಗೆ 6 − 6 − 1 = −1. ಎಲ್ಲ ಕೂಡಿದರೆ +2 − 3 = −1. ಅಂದರೆ ಒಟ್ಟು ಮೊತ್ತ ಅಯಾನಿನ ಆವೇಶಕ್ಕೆ ಸರಿಯಾಗಿಯೇ ಹೊಂದುತ್ತದೆ! ಇದನ್ನು ನಾನು ಬೇಕೆಂದೇ ತೋರಿಸುತ್ತಿದ್ದೇನೆ. ಔಪಚಾರಿಕ ಆವೇಶಗಳ ಮೊತ್ತ ಅಣುವಿನಲ್ಲಿ ಸೊನ್ನೆಗೂ ಅಯಾನಿನಲ್ಲಿ ಅದರ ಆವೇಶಕ್ಕೂ ಸಮವಾಗಿರಬೇಕು ಎಂಬ ತಾಳೆ ಪರೀಕ್ಷೆಯನ್ನು ಎಲ್ಲರೂ ಹೇಳಿಕೊಡುತ್ತಾರೆ, ಅದು ಕಡ್ಡಾಯವೂ ಹೌದು. ಆದರೆ ಆ ಪರೀಕ್ಷೆ ಎಣಿಕೆಯ ತಪ್ಪನ್ನು ಮಾತ್ರ ಹಿಡಿಯುತ್ತದೆ. ಅಯಾನಿನ ಹೆಚ್ಚುವರಿ ಎಲೆಕ್ಟ್ರಾನನ್ನು ಮರೆತು 23 ಮಾತ್ರ ಬಳಸಿದ್ದರೆ ಮೊತ್ತ ಸೊನ್ನೆ ಬಂದು ತಪ್ಪು ಬಯಲಾಗುತ್ತಿತ್ತು. ಎಲೆಕ್ಟ್ರಾನ್‌ಗಳ ಸಂಖ್ಯೆ ಸರಿಯಾಗಿದ್ದು ಅವುಗಳ ಜಾಗ ಮಾತ್ರ ತಪ್ಪಾಗಿದ್ದರೆ ತಾಳೆ ಪರೀಕ್ಷೆಗೆ ಅದು ಗೊತ್ತಾಗುವುದೇ ಇಲ್ಲ.

ಮುಂದುವರಿಯೋಣ. ಒಂದು ಆಕ್ಸಿಜನ್‌ನ ಒಂದು ಜೋಡಿ ಚುಕ್ಕಿಯನ್ನು ಅಳಿಸಿ, ಅದಕ್ಕೂ ನೈಟ್ರೋಜನ್‌ಗೂ ನಡುವೆ ಎರಡನೆಯ ಗೆರೆಯಾಗಿ ಎಳೆಯಿರಿ. ಈಗ ನೈಟ್ರೋಜನ್ ಸುತ್ತ ನಾಲ್ಕು ಗೆರೆ, ಚುಕ್ಕಿ ಇಲ್ಲ: 5 − 0 − 4 = +1. ದ್ವಿಬಂಧದ ಆಕ್ಸಿಜನ್‌ಗೆ ನಾಲ್ಕು ಚುಕ್ಕಿ, ಎರಡು ಗೆರೆ: 6 − 4 − 2 = 0. ಉಳಿದೆರಡು ಮೊದಲಿನಂತೆಯೇ −1. ಮೊತ್ತ −1. ಈಗ ಅಷ್ಟಕವೂ ತುಂಬಿತು, ನೈಟ್ರೋಜನ್ ಮೇಲಿನ +2 ಕೂಡ +1ಕ್ಕೆ ಇಳಿಯಿತು.

ಹಾಗಾದರೆ ಇನ್ನೊಂದು ಆಕ್ಸಿಜನ್‌ನಿಂದಲೂ ಒಂದು ಜೋಡಿಯನ್ನು ತಂದರೆ ನೈಟ್ರೋಜನ್ ಮೇಲಿನ ಆವೇಶ ಸೊನ್ನೆಯಾಗಿ ಚಿತ್ರ ಇನ್ನೂ ಅಚ್ಚುಕಟ್ಟಾಗುವುದಿಲ್ಲವೇ? ಅಂಕಗಣಿತದ ಪ್ರಕಾರ ಆಗುತ್ತದೆ, ರಸಾಯನಶಾಸ್ತ್ರದ ಪ್ರಕಾರ ಆಗುವುದಿಲ್ಲ. ಐದು ಬಂಧ ಎಂದರೆ ನೈಟ್ರೋಜನ್ ಸುತ್ತ ಹತ್ತು ಎಲೆಕ್ಟ್ರಾನ್‌ಗಳು. ಎರಡನೆಯ ಆವರ್ತದ ಧಾತುಗಳಾದ ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್‌ಗಳ ಸುತ್ತ ಎಂಟಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಔಪಚಾರಿಕ ಆವೇಶವನ್ನು ಕಡಿಮೆ ಮಾಡುವ ಆಸೆಗೆ ಈ ಗೆರೆಯನ್ನು ದಾಟಬಾರದು.

ಅಷ್ಟಕದ ಎಣಿಕೆಗೂ ಔಪಚಾರಿಕ ಆವೇಶದ ಎಣಿಕೆಗೂ ಇರುವ ವ್ಯತ್ಯಾಸ ಈ ಹಂತದಲ್ಲಿ ಮನದಟ್ಟಾಗಬೇಕು. ಅಷ್ಟಕವನ್ನು ಪರೀಕ್ಷಿಸುವಾಗ ಒಂದು ಗೆರೆಯ ಎರಡೂ ಎಲೆಕ್ಟ್ರಾನ್‌ಗಳನ್ನು ಎರಡೂ ಪರಮಾಣುಗಳು ತಮ್ಮವೆಂದು ಪೂರ್ತಿಯಾಗಿ ಎಣಿಸಿಕೊಳ್ಳುತ್ತವೆ. ಆವೇಶ ಲೆಕ್ಕ ಹಾಕುವಾಗ ಒಂದೊಂದಕ್ಕೆ ಒಂದೇ ಸಿಗುತ್ತದೆ. ಒಂದೇ ಚಿತ್ರದ ಮೇಲೆ ಎರಡು ಬಗೆಯ ಎಣಿಕೆ ನಡೆಯುವುದರಿಂದ ಒಂದರ ನಿಯಮ ಇನ್ನೊಂದಕ್ಕೆ ನುಸುಳಿ, ನೈಟ್ರೋಜನ್‌ಗೆ 5 − 8 = −3 ಎಂಬಂತಹ ಉತ್ತರಗಳು ಹುಟ್ಟುತ್ತವೆ.

ನೈಟ್ರೇಟ್‌ನಲ್ಲಿ ದ್ವಿಬಂಧವನ್ನು ಮೂರು ಆಕ್ಸಿಜನ್‌ಗಳಲ್ಲಿ ಯಾವುದಕ್ಕೆ ಬೇಕಾದರೂ ಕೊಡಬಹುದು. ಆದ್ದರಿಂದ ಒಂದೇ ತೂಕದ ಮೂರು ರಚನೆಗಳು ಸಿಗುತ್ತವೆ. ನಿಜವಾದ ಅಯಾನು ಈ ಮೂರರ ಬೆರಕೆ. ಇದೇ ಅನುರಣನ. ಅಳೆದು ನೋಡಿದಾಗ ಮೂರೂ ಬಂಧಗಳ ಉದ್ದ ಒಂದೇ, ಸುಮಾರು 124 ಪಿಕೋಮೀಟರ್. ಮೂರು ಆಕ್ಸಿಜನ್‌ಗಳ ಸರಾಸರಿ ಔಪಚಾರಿಕ ಆವೇಶ −2/3 ಎಂದು ಹೇಳುವುದು ಇದೇ ಕಾರಣಕ್ಕೆ. ಓಝೋನ್‌ನಲ್ಲಿಯೂ ಇದೇ ಕಥೆ: ನಡುವಿನ ಆಕ್ಸಿಜನ್‌ಗೆ 6 − 2 − 3 = +1, ಏಕಬಂಧದ ಕಡೆ −1, ದ್ವಿಬಂಧದ ಕಡೆ 0, ಎರಡೂ ಬಂಧಗಳು 128 ಪಿಕೋಮೀಟರ್‌ನ ಆಸುಪಾಸು.

ಕಾರ್ಬನ್ ಮೊನಾಕ್ಸೈಡ್ ಕಲಿಸುವ ಪಾಠ

ಎರಡೇ ಪರಮಾಣುಗಳ ಈ ಅಣು ಔಪಚಾರಿಕ ಆವೇಶದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಎಲೆಕ್ಟ್ರಾನ್‌ಗಳು 4 + 6 = 10. ದ್ವಿಬಂಧ ಹಾಕಿ ಕಾರ್ಬನ್‌ಗೆ ಒಂದು, ಆಕ್ಸಿಜನ್‌ಗೆ ಎರಡು ಒಂಟಿ ಜೋಡಿ ಕೊಟ್ಟರೆ ಎರಡರ ಮೇಲೂ ಆವೇಶ ಸೊನ್ನೆ. ನೋಡಲು ಚೆನ್ನಾಗಿದೆ, ಆದರೆ ಕಾರ್ಬನ್ ಸುತ್ತ ಆರೇ ಎಲೆಕ್ಟ್ರಾನ್. ತ್ರಿಬಂಧ ಹಾಕಿ ಎರಡಕ್ಕೂ ಒಂದೊಂದು ಒಂಟಿ ಜೋಡಿ ಕೊಟ್ಟರೆ ಇಬ್ಬರಿಗೂ ಅಷ್ಟಕ ತುಂಬುತ್ತದೆ; ಆವೇಶ ಮಾತ್ರ ಕಾರ್ಬನ್‌ಗೆ 4 − 2 − 3 = −1, ಆಕ್ಸಿಜನ್‌ಗೆ 6 − 2 − 3 = +1. ಹೆಚ್ಚು ವಿದ್ಯುದೃಣತೆಯುಳ್ಳ ಆಕ್ಸಿಜನ್‌ನ ತಲೆಯ ಮೇಲೆ ಧನ ಆವೇಶ!

ಇಲ್ಲಿ ಅಷ್ಟಕದ ಮಾತು ಗೆಲ್ಲುತ್ತದೆ. ಅಣುವಿನ ಬಂಧದ ಉದ್ದ ಸುಮಾರು 113 ಪಿಕೋಮೀಟರ್. ಫಾರ್ಮಾಲ್ಡಿಹೈಡ್‌ನಲ್ಲಿರುವ ಕಾರ್ಬನ್–ಆಕ್ಸಿಜನ್ ದ್ವಿಬಂಧ ಇದಕ್ಕಿಂತ ಉದ್ದ, ಸುಮಾರು 121. ಅಂದರೆ ತ್ರಿಬಂಧದ ಚಿತ್ರವೇ ವಾಸ್ತವಕ್ಕೆ ಹತ್ತಿರ. ಅಣುವಿನ ದ್ವಿಧ್ರುವ ಮಹತ್ವ, ಅಂದರೆ ಅದರ ಧನ ಮತ್ತು ಋಣ ತುದಿಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆ, ಕೇವಲ 0.1 ಡಿಬೈನಷ್ಟಿದ್ದು, ಅದರ ಋಣ ತುದಿ ಕಾರ್ಬನ್ ಕಡೆಗಿದೆ. ಔಪಚಾರಿಕ ಆವೇಶ ಒಂದು ದಿಕ್ಕಿಗೂ ವಿದ್ಯುದೃಣತೆ ಇನ್ನೊಂದು ದಿಕ್ಕಿಗೂ ಎಳೆದು ಹೆಚ್ಚುಕಡಿಮೆ ಸಮನಾಗಿವೆ ಎಂದು ಇದನ್ನು ಓದಬಹುದು. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಕ್ಕೆ ಈ ವಿಷಾನಿಲ ಅಂಟಿಕೊಳ್ಳುವುದು ಆಕ್ಸಿಜನ್ ತುದಿಯಿಂದಲ್ಲ, ಕಾರ್ಬನ್ ತುದಿಯಿಂದ ಎಂಬುದನ್ನೂ ಜೊತೆಗೆ ನೆನೆದರೆ −1 ಎಂಬ ಆ ಗುರುತು ಬರಿಯ ಅಲಂಕಾರವಲ್ಲ ಎಂದು ತಿಳಿಯುತ್ತದೆ. ಪೂರ್ತಿ −1 ಅಲ್ಲಿಲ್ಲ ಎಂಬುದೂ ಅಷ್ಟೇ ನಿಜ.

ಎಣಿಸದೆ ಗುರುತಿಸುವ ಅಭ್ಯಾಸ

ಹತ್ತಿಪ್ಪತ್ತು ರಚನೆಗಳನ್ನು ಮಾಡಿದ ಮೇಲೆ ಕೆಲವು ಮಾದರಿಗಳು ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ನೈಟ್ರೋಜನ್‌ಗೆ ಮೂರು ಬಂಧ, ಒಂದು ಜೋಡಿ ಇದ್ದರೆ ಸೊನ್ನೆ. ನಾಲ್ಕು ಬಂಧವಿದ್ದರೆ +1, ಅಮೋನಿಯಂ ಅಯಾನಿನಲ್ಲಿರುವಂತೆ. ಎರಡು ಬಂಧ, ಎರಡು ಜೋಡಿ ಇದ್ದರೆ −1. ಆಕ್ಸಿಜನ್‌ಗೆ ಎರಡು ಬಂಧ ಸಹಜ. ಒಂದೇ ಬಂಧ ಮತ್ತು ಮೂರು ಜೋಡಿ ಎಂದರೆ −1, ಮೂರು ಬಂಧ ಮತ್ತು ಒಂದು ಜೋಡಿ ಎಂದರೆ +1. ಹ್ಯಾಲೋಜನ್‌ಗೆ ಒಂದು ಬಂಧ, ಮೂರು ಜೋಡಿ ಸಹಜ. ಅಷ್ಟಕ ತುಂಬಿರುವ ತನಕ ಸಹಜ ಸಂಖ್ಯೆಗಿಂತ ಒಂದು ಬಂಧ ಹೆಚ್ಚಾದರೆ +1, ಒಂದು ಕಡಿಮೆಯಾದರೆ −1 ಎಂದು ಇದನ್ನೆಲ್ಲ ಒಂದೇ ಮಾತಿನಲ್ಲಿ ಹಿಡಿಯಬಹುದು.

ಅಷ್ಟಕ ತುಂಬಿರದಿದ್ದರೆ ಈ ಮಾತು ಕೈಕೊಡುತ್ತದೆ. ಕಾರ್ಬನ್ ಇದಕ್ಕೆ ಸಾಕ್ಷಿ. ಮೂರು ಬಂಧಗಳ ಕಾರ್ಬನ್ ಎಂದಷ್ಟೇ ಹೇಳಿದರೆ ಆವೇಶವನ್ನು ಹೇಳಲಾಗದು: ಒಂದು ಒಂಟಿ ಜೋಡಿಯಿದ್ದರೆ 4 − 2 − 3 = −1, ಅದು ಕಾರ್ಬ್ಯಾನಯಾನ್; ಏನೂ ಇಲ್ಲದಿದ್ದರೆ 4 − 0 − 3 = +1, ಅದು ಕಾರ್ಬೋಕ್ಯಾಟಯಾನ್; ಒಂದೇ ಒಂದು ಚುಕ್ಕಿಯಿದ್ದರೆ 4 − 1 − 3 = 0, ಅದು ಮುಕ್ತ ರ‍್ಯಾಡಿಕಲ್. ಹೊರನೋಟಕ್ಕೆ ಒಂದೇ ಅಸ್ಥಿಪಂಜರ, ನಡತೆಯಲ್ಲಿ ಮೂರು ಬೇರೆ ಜೀವಗಳು. ಎರಡೇ ಬಂಧ, ಒಂದು ಜೋಡಿಯಿರುವ ಕಾರ್ಬೀನ್‌ಗೂ 4 − 2 − 2 = 0 ಬರುತ್ತದೆ; ಸೊನ್ನೆ ಬಂತೆಂದು ಅದು ಶಾಂತ ಅಣುವೇನಲ್ಲ.

ಬೆಸ ಸಂಖ್ಯೆಯ ಎಲೆಕ್ಟ್ರಾನ್‌ಗಳುಳ್ಳ ನೈಟ್ರಿಕ್ ಆಕ್ಸೈಡ್‌ನಂತಹ ಅಣುಗಳಿಗೂ ಸೂತ್ರ ಬದಲಾಗುವುದಿಲ್ಲ, ಒಂಟಿ ಚುಕ್ಕಿಯನ್ನು ಒಂದೆಂದೇ ಎಣಿಸಬೇಕು. 11 ಎಲೆಕ್ಟ್ರಾನ್‌ಗಳಲ್ಲಿ ಒಂಟಿ ಚುಕ್ಕಿಯನ್ನು ನೈಟ್ರೋಜನ್ ಮೇಲಿಟ್ಟು ದ್ವಿಬಂಧ ಹಾಕಿದರೆ ನೈಟ್ರೋಜನ್‌ಗೆ 5 − 3 − 2 = 0, ಆಕ್ಸಿಜನ್‌ಗೆ 6 − 4 − 2 = 0. ಅದೇ ಚುಕ್ಕಿಯನ್ನು ಆಕ್ಸಿಜನ್ ಮೇಲಿಟ್ಟರೆ −1 ಮತ್ತು +1. ಮೊದಲನೆಯದನ್ನೇ ಆರಿಸಿಕೊಳ್ಳುತ್ತೇವೆ.

ಹಲವು ಚಿತ್ರಗಳಲ್ಲಿ ಒಂದನ್ನು ಆರಿಸುವುದು

ತೂಗುವಾಗ ನೋಡಬೇಕಾದ ಕ್ರಮ ಹೀಗಿದೆ. ಎರಡನೆಯ ಆವರ್ತದ ಪರಮಾಣುಗಳಿಗೆ ಅಷ್ಟಕ ತುಂಬಿದೆಯೇ ಎಂಬುದು ಮೊದಲ ಪ್ರಶ್ನೆ. ಆಮೇಲೆ ಆವೇಶಗಳ ಗಾತ್ರ: ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು, +2 ಅಥವಾ −2 ಕಂಡರೆ ಅನುಮಾನಿಸಬೇಕು. ಅದೂ ಸಮನಾಗಿದ್ದರೆ ಋಣ ಆವೇಶ ಹೆಚ್ಚು ವಿದ್ಯುದೃಣತೆಯ ಪರಮಾಣುವಿನ ಮೇಲಿರುವ ಚಿತ್ರಕ್ಕೆ ಆದ್ಯತೆ. ಪಕ್ಕಪಕ್ಕದ ಎರಡು ಪರಮಾಣುಗಳ ಮೇಲೆ ಒಂದೇ ಚಿಹ್ನೆಯ ಆವೇಶ ಬಂದಿದ್ದರೆ ಆ ಚಿತ್ರವನ್ನು ಸಾಮಾನ್ಯವಾಗಿ ಬದಿಗಿಡಬಹುದು.

ಈ ಕ್ರಮವನ್ನು ಪರೀಕ್ಷಿಸಲು ಸೈನೇಟ್ ಮತ್ತು ಫಲ್ಮಿನೇಟ್ ಎಂಬ ಜೋಡಿ ಅಯಾನುಗಳಿಗಿಂತ ಒಳ್ಳೆಯ ಜಾಗವಿಲ್ಲ. ಎರಡರಲ್ಲಿಯೂ ಒಂದು ಕಾರ್ಬನ್, ಒಂದು ನೈಟ್ರೋಜನ್, ಒಂದು ಆಕ್ಸಿಜನ್, ಒಟ್ಟು ಆವೇಶ −1, ಎಲೆಕ್ಟ್ರಾನ್‌ಗಳು 16. ಸೈನೇಟ್‌ನಲ್ಲಿ ಕಾರ್ಬನ್ ನಡುವೆ ಇದೆ, ಫಲ್ಮಿನೇಟ್‌ನಲ್ಲಿ ನೈಟ್ರೋಜನ್. ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಜರ್ಮನಿಯ ಯುಸ್ಟುಸ್ ಲೀಬಿಗ್ ಬೆಳ್ಳಿಯ ಫಲ್ಮಿನೇಟನ್ನೂ ಫ್ರೆಡ್ರಿಕ್ ವೋಲರ್ ಬೆಳ್ಳಿಯ ಸೈನೇಟನ್ನೂ ವಿಶ್ಲೇಷಿಸಿ ಒಂದೇ ಸಂಯೋಜನೆಯನ್ನು ಕಂಡಾಗ, ಒಂದು ಸಿಡಿಯುತ್ತದೆ ಇನ್ನೊಂದು ಸಿಡಿಯುವುದಿಲ್ಲವೆಂದಮೇಲೆ ಇಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪಿರಬೇಕು ಎಂಬ ವಾದವೇ ಹುಟ್ಟಿತ್ತು. ಒಂದೇ ಸಂಯೋಜನೆಯ ಬೇರೆ ಬೇರೆ ವಸ್ತುಗಳು ಇರಬಲ್ಲವು ಎಂಬ ಐಸೊಮರ್ ಕಲ್ಪನೆ ಬೆಳೆಯಲು ಈ ಗೊಂದಲವೂ ಕಾರಣವಾಯಿತು.

ಸೈನೇಟ್‌ಗೆ ಮೂರು ಚಿತ್ರಗಳು ಸಾಧ್ಯ. ನೈಟ್ರೋಜನ್ ಕಡೆ ತ್ರಿಬಂಧ, ಆಕ್ಸಿಜನ್ ಕಡೆ ಏಕಬಂಧ ಇಟ್ಟರೆ ನೈಟ್ರೋಜನ್ 0, ಕಾರ್ಬನ್ 0, ಆಕ್ಸಿಜನ್ −1. ಎರಡೂ ಕಡೆ ದ್ವಿಬಂಧವಿಟ್ಟರೆ ನೈಟ್ರೋಜನ್ −1, ಉಳಿದೆರಡು 0. ಆಕ್ಸಿಜನ್ ಕಡೆ ತ್ರಿಬಂಧವಿಟ್ಟರೆ ನೈಟ್ರೋಜನ್ −2, ಕಾರ್ಬನ್ 0, ಆಕ್ಸಿಜನ್ +1. ಮೂರರಲ್ಲಿಯೂ ಅಷ್ಟಕ ತುಂಬಿದೆ, ಮೂರರ ಮೊತ್ತವೂ −1. ಮೂರನೆಯದು ಗಾತ್ರದಲ್ಲಿಯೇ ಸೋಲುತ್ತದೆ. ಮೊದಲೆರಡರಲ್ಲಿ ಗಾತ್ರ ಸಮ. ಋಣ ಆವೇಶವನ್ನು ಆಕ್ಸಿಜನ್ ಹೊತ್ತ ಮೊದಲನೆಯದಕ್ಕೆ ಹೆಚ್ಚು ತೂಕ, ಎರಡನೆಯದಕ್ಕೂ ಗಣನೀಯ ಪಾಲು.

ಫಲ್ಮಿನೇಟ್‌ಗೆ ಬನ್ನಿ. ಕಾರ್ಬನ್ ಕಡೆ ತ್ರಿಬಂಧವಿರುವ ಅತ್ಯುತ್ತಮ ಚಿತ್ರದಲ್ಲಿಯೇ ಕಾರ್ಬನ್ −1, ನೈಟ್ರೋಜನ್ +1, ಆಕ್ಸಿಜನ್ −1. ಎರಡೂ ಕಡೆ ದ್ವಿಬಂಧವಾದರೆ ಕಾರ್ಬನ್ −2, ನೈಟ್ರೋಜನ್ +1. ಆಕ್ಸಿಜನ್ ಕಡೆ ತ್ರಿಬಂಧವಾದರೆ ಕಾರ್ಬನ್ −3ಕ್ಕೆ ಹೋಗುತ್ತದೆ. ಯಾವ ರೀತಿ ಬಿಡಿಸಿದರೂ ನೈಟ್ರೋಜನ್ ಮೇಲೆ ಧನವೂ ಕಾರ್ಬನ್ ಮೇಲೆ ಋಣವೂ ತಪ್ಪುವುದಿಲ್ಲ. ಸೈನೇಟ್ ಲವಣಗಳು ಸ್ಥಿರವಾಗಿದ್ದು, ಪಾದರಸದ ಫಲ್ಮಿನೇಟ್ ಸಿಡಿಮದ್ದಿನ ಕಿಡಿಯಾಗಿ ಬಳಕೆಯಾದ ಸಂಗತಿಗೂ ಈ ಲೆಕ್ಕಕ್ಕೂ ಹೊಂದಾಣಿಕೆಯಿದೆ. ಸಿಡಿಯುವ ಗುಣವನ್ನು ಈ ಸಂಖ್ಯೆಗಳೇ ಪೂರ್ತಿಯಾಗಿ ವಿವರಿಸುತ್ತವೆ ಎನ್ನುವುದು ಮಾತ್ರ ಅತಿಯಾದೀತು.

ಯಾವ ಪರಮಾಣು ನಡುವೆ ಕೂರಬೇಕು ಎಂಬ ಸಂದೇಹಕ್ಕೂ ಇದೇ ತಕ್ಕಡಿ. ನೈಟ್ರಸ್ ಆಕ್ಸೈಡ್‌ನಲ್ಲಿ ಆಕ್ಸಿಜನ್‌ನನ್ನು ಎರಡು ನೈಟ್ರೋಜನ್‌ಗಳ ನಡುವೆ ಇಟ್ಟು ಎರಡೂ ಕಡೆ ದ್ವಿಬಂಧ ಹಾಕಿದರೆ ಆಕ್ಸಿಜನ್‌ಗೆ 6 − 0 − 4 = +2 ಬಂದು ಚಿತ್ರವೇ ಬೇಡವೆನಿಸುತ್ತದೆ. ನೈಟ್ರೋಜನ್ ನಡುವೆ ಇದ್ದರೆ ನಡುವಿನದಕ್ಕೆ +1, ಅಂಚಿನ ಆಕ್ಸಿಜನ್‌ಗೆ ಅಥವಾ ಅಂಚಿನ ನೈಟ್ರೋಜನ್‌ಗೆ −1. ಅಣು ಇರುವುದೂ ಹಾಗೆಯೇ.

ತಕ್ಕಡಿ ಅಲುಗಾಡುವ ಜಾಗಗಳು

ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಮೂರು ಏಕಬಂಧಗಳಿಟ್ಟರೆ ಎಲ್ಲರಿಗೂ ಸೊನ್ನೆ, ಬೋರಾನ್ ಸುತ್ತ ಮಾತ್ರ ಆರು ಎಲೆಕ್ಟ್ರಾನ್. ಅಷ್ಟಕ ತುಂಬಲೆಂದು ಒಂದು ದ್ವಿಬಂಧ ಹಾಕಿದರೆ ಬೋರಾನ್ −1, ಫ್ಲೋರಿನ್ +1. ಎಲ್ಲ ಧಾತುಗಳಿಗಿಂತ ಹೆಚ್ಚು ವಿದ್ಯುದೃಣತೆಯ ಫ್ಲೋರಿನ್‌ಗೆ ಧನ ಆವೇಶ ಹೊರಿಸುವುದಕ್ಕಿಂತ ಬೋರಾನ್‌ನ ಅಷ್ಟಕವನ್ನು ಬಿಟ್ಟುಕೊಡುವುದೇ ಮೇಲೆಂದು ಪಠ್ಯಪುಸ್ತಕಗಳು ಆರು ಎಲೆಕ್ಟ್ರಾನ್‌ಗಳ ಚಿತ್ರವನ್ನೇ ಮುಖ್ಯವಾಗಿ ಇಟ್ಟುಕೊಳ್ಳುತ್ತವೆ. ಇದು ಅಮೋನಿಯದೊಂದಿಗೆ ಸೇರಿದಾಗ ನೈಟ್ರೋಜನ್ ತನ್ನ ಒಂಟಿ ಜೋಡಿಯನ್ನು ಬೋರಾನ್‌ಗೆ ಕೊಟ್ಟು, ನೈಟ್ರೋಜನ್ +1, ಬೋರಾನ್ −1 ಆಗುತ್ತವೆ. ಅಣುವಿನ ಒಟ್ಟು ಆವೇಶ ಸೊನ್ನೆಯೇ.

ಸಲ್ಫೇಟ್ ಹೆಚ್ಚು ವಿವಾದದ ಜಾಗ. 32 ಎಲೆಕ್ಟ್ರಾನ್‌ಗಳನ್ನು ನಾಲ್ಕು ಏಕಬಂಧಗಳಾಗಿ ಹಂಚಿದರೆ ಗಂಧಕಕ್ಕೆ 6 − 0 − 4 = +2, ನಾಲ್ಕೂ ಆಕ್ಸಿಜನ್‌ಗಳಿಗೆ −1. ಎರಡು ದ್ವಿಬಂಧ ಹಾಕಿದರೆ ಗಂಧಕ 0, ಎರಡು ಆಕ್ಸಿಜನ್‌ಗಳ ಮೇಲೆ ಮಾತ್ರ −1. ಆಗ ಗಂಧಕದ ಸುತ್ತ ಹನ್ನೆರಡು ಎಲೆಕ್ಟ್ರಾನ್. ಮೂರನೆಯ ಆವರ್ತದ ಧಾತುವಾದ್ದರಿಂದ ಅಷ್ಟಕವನ್ನು ಮೀರಬಹುದೆಂದು ಬಹಳಷ್ಟು ಪಠ್ಯಪುಸ್ತಕಗಳು ಎರಡನೆಯ ಚಿತ್ರವನ್ನೇ ಒಪ್ಪಿವೆ. ಕಂಪ್ಯೂಟರ್ ಲೆಕ್ಕಾಚಾರಗಳು ಅಷ್ಟಕ ಮೀರಿದ ಎಲೆಕ್ಟ್ರಾನ್‌ಗಳಿಗೆ ಜಾಗವೆಂದು ಹೇಳಲಾಗುವ ಗಂಧಕದ ಡಿ ಆರ್ಬಿಟಲ್‌ಗಳ ಪಾತ್ರ ತೀರ ಕಡಿಮೆಯೆಂದು ತೋರಿಸಿರುವುದರಿಂದ ಮೊದಲ ಚಿತ್ರದ ಪರವಾಗಿಯೂ ಬಲವಾದ ವಾದವಿದೆ. ನನ್ನ ಮಟ್ಟಿಗೆ ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕದ ಪದ್ಧತಿಯನ್ನು ಅನುಸರಿಸಿ, ತಿಳಿವಳಿಕೆಗೆ ಎರಡನ್ನೂ ಇಟ್ಟುಕೊಳ್ಳುವುದು ಸರಿ. ಲೆಕ್ಕ ಎರಡರಲ್ಲಿಯೂ ಸರಿಯಾಗಿಯೇ ಇದೆ, ಭಿನ್ನಾಭಿಪ್ರಾಯವಿರುವುದು ಚಿತ್ರದ ಬಗ್ಗೆ.

ಇನ್ನು ಉತ್ಕರ್ಷಣ ಸಂಖ್ಯೆಯೊಂದಿಗೆ ಆಗುವ ಕಲಸುಮೇಲೋಗರ. ಅಲ್ಲಿ ಬಂಧದ ಎರಡೂ ಎಲೆಕ್ಟ್ರಾನ್‌ಗಳನ್ನು ಹೆಚ್ಚು ವಿದ್ಯುದೃಣತೆಯ ಪರಮಾಣುವಿಗೇ ಕೊಟ್ಟುಬಿಡುತ್ತೇವೆ, ಇಲ್ಲಿ ಸಮಪಾಲು ಮಾಡುತ್ತೇವೆ. ನೈಟ್ರೇಟ್‌ನ ನೈಟ್ರೋಜನ್‌ಗೆ ಉತ್ಕರ್ಷಣ ಸಂಖ್ಯೆ +5, ಔಪಚಾರಿಕ ಆವೇಶ +1. ಕಾರ್ಬನ್ ಮೊನಾಕ್ಸೈಡ್‌ನ ಕಾರ್ಬನ್‌ಗೆ ಅದು +2, ಇದು −1, ಚಿಹ್ನೆಯೇ ತಿರುಗಿದೆ. ಬಂಧವನ್ನು ಪೂರ್ತಿ ಅಯಾನಿಕವೆಂದು ಭಾವಿಸಿದ್ದು ಒಂದು ಅತಿ, ಪೂರ್ತಿ ಸಹವೇಲೆನ್ಸಿಯೆಂದು ಭಾವಿಸಿದ್ದು ಇನ್ನೊಂದು ಅತಿ. ಪರಮಾಣುವಿನ ನಿಜವಾದ ಆವೇಶ ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಹಿಮ್ಮುಖ ಲೆಕ್ಕ

ಸಾವಯವ ರಸಾಯನಶಾಸ್ತ್ರದ ಗೆರೆಚಿತ್ರಗಳಲ್ಲಿ ಒಂಟಿ ಜೋಡಿಗಳನ್ನು ಹೆಚ್ಚಾಗಿ ಬರೆಯುವುದಿಲ್ಲ, ಆವೇಶವನ್ನು ಮಾತ್ರ ಬರೆದಿರುತ್ತಾರೆ. ಆಗ ಸೂತ್ರವನ್ನು ತಿರುಗಿಸಿಕೊಳ್ಳಬೇಕು: ಚುಕ್ಕಿಗಳು = ವೇಲೆನ್ಸ್ ಎಲೆಕ್ಟ್ರಾನ್‌ಗಳು − ಗೆರೆಗಳು − ಔಪಚಾರಿಕ ಆವೇಶ. ಒಂದು ಬಂಧದ, −1 ಆವೇಶದ ಆಕ್ಸಿಜನ್‌ಗೆ 6 − 1 + 1 = 6, ಅಂದರೆ ಮೂರು ಜೋಡಿ. ನಾಲ್ಕು ಬಂಧದ, +1 ಆವೇಶದ ನೈಟ್ರೋಜನ್‌ಗೆ 5 − 4 − 1 = 0; ಕೊಡಲು ಅದರ ಬಳಿ ಜೋಡಿಯೇ ಉಳಿದಿಲ್ಲ, ಆದ್ದರಿಂದ ಅದು ಪ್ರೋಟಾನ್ ಹಿಡಿಯಲಾರದು. ಕಾರ್ಬನ್‌ಗೆ ಅಂಟಿದ ಹೈಡ್ರೋಜನ್‌ಗಳನ್ನೂ ಈ ಚಿತ್ರಗಳು ಬಚ್ಚಿಡುವುದರಿಂದ ಗೆರೆಗಳನ್ನು ಎಣಿಸುವಾಗ ಅವನ್ನು ಮರೆಯಬಾರದು.

ಕೊನೆಯದಾಗಿ ಡಯಾಜೋಮೀಥೇನ್ ಬಿಡಿಸಿ ನೋಡಿ. ಎರಡು ಹೈಡ್ರೋಜನ್‌ಗಳುಳ್ಳ ಒಂದು ಕಾರ್ಬನ್, ಅದರ ಹಿಂದೆ ಸಾಲಾಗಿ ಎರಡು ನೈಟ್ರೋಜನ್; ಎಲೆಕ್ಟ್ರಾನ್‌ಗಳು 4 + 2 + 10 = 16. ಒಟ್ಟು ಆವೇಶ ಸೊನ್ನೆಯಾದರೂ, ಎಲ್ಲರಿಗೂ ಅಷ್ಟಕ ತುಂಬುವಂತೆ ಈ ಸಾಲನ್ನು ಬಿಡಿಸಿದಾಗ ಔಪಚಾರಿಕ ಆವೇಶ ಬಂದೇ ಬರುತ್ತದೆ. ಕಾರ್ಬನ್–ನೈಟ್ರೋಜನ್ ಮತ್ತು ನೈಟ್ರೋಜನ್–ನೈಟ್ರೋಜನ್ ಎರಡೂ ದ್ವಿಬಂಧವಾದರೆ ನಡುವಿನ ನೈಟ್ರೋಜನ್ 5 − 0 − 4 = +1, ಅಂಚಿನ ನೈಟ್ರೋಜನ್ 5 − 4 − 2 = −1, ಕಾರ್ಬನ್ 0. ಕಾರ್ಬನ್ ಕಡೆ ಏಕಬಂಧ, ನೈಟ್ರೋಜನ್‌ಗಳ ನಡುವೆ ತ್ರಿಬಂಧವಾದರೆ ನಡುವಿನದು +1 ಆಗಿಯೇ ಉಳಿದು, −1 ಕಾರ್ಬನ್ ಮೇಲೆ ಬರುತ್ತದೆ. ವಿದ್ಯುದೃಣತೆಯ ನಿಯಮದಂತೆ ಮೊದಲನೆಯದೇ ಮೇಲು. ಆದರೆ ಕಾರ್ಬಾಕ್ಸಿಲಿಕ್ ಆಮ್ಲದೊಂದಿಗೆ ಬೆರೆಸಿದಾಗ ಈ ಅಣು ಪ್ರೋಟಾನನ್ನು ಹಿಡಿಯುವುದು ಕಾರ್ಬನ್‌ನಿಂದ. ಆಮೇಲೆ ನೈಟ್ರೋಜನ್ ಅನಿಲ ಹೊರಬಿದ್ದು ಮೀಥೈಲ್ ಎಸ್ಟರ್ ಉಳಿಯುತ್ತದೆ. ಕ್ರಿಯೆ ಎಲ್ಲಿ ನಡೆಯುತ್ತದೆ ಎಂಬುದರ ಸುಳಿವು ಇಲ್ಲಿ ಕಡಿಮೆ ತೂಕದ ಚಿತ್ರದಲ್ಲಿದೆ. ಆದ್ದರಿಂದ ಅದನ್ನು ಅಳಿಸದೆ, ಎರಡನ್ನೂ ಎರಡು ಕಡೆಯೂ ಮೊನೆಯಿರುವ ಬಾಣದಿಂದ ಜೋಡಿಸಿ ಹಾಳೆಯ ಮೇಲೆ ಉಳಿಸಿಕೊಳ್ಳಿ.